ಬಿಚ್ಚುವುದೂ ಒಂದು ವಿದ್ಯೆ

ವಾರ್ಷಿಕೋತ್ಸವದ ದಿನ ಶಾಲೆಯ ಕರಕುಶಲ ವಸ್ತುಗಳ ಪ್ರದರ್ಶನವನ್ನು ನೋಡಲು ಬರುವ ಹಿರಿಯರು ಉಣ್ಣೆಯ ಹೆಣಿಗೆಯ ಮೇಜಿನ ಬಳಿ ತುಸು ಹೊತ್ತು ನಿಲ್ಲುವುದು ವಾಡಿಕೆ. ಕೂಸಿನ ಕುಲಾವಿ, ಕಾಲುಚೀಲ, ಕೊರಳಪಟ್ಟಿ, ತೋಳಿಲ್ಲದ ಸ್ವೆಟರು ಇವುಗಳಲ್ಲಿ ಒಂದೊಂದನ್ನೂ ಕೈಗೆತ್ತಿಕೊಂಡು ತಿರುವಿ ನೋಡಿ ಮೆಚ್ಚುಗೆಯ ಮಾತಾಡುತ್ತಾರೆ. ಎಷ್ಟು ದಿನ ಹಿಡಿಯಿತು, ಎಷ್ಟು ಉಣ್ಣೆ ಬೇಕಾಯಿತು ಎಂದು ಕೇಳುವವರೂ ಉಂಟು. ಆದರೆ ‘ಇದನ್ನು ಎಷ್ಟು ಸಲ ಬಿಚ್ಚಿದಿರಿ?’ ಎಂದು ಕೇಳಿದ ಒಬ್ಬರನ್ನಾದರೂ ನನ್ನ 32 ವರ್ಷಗಳ ಸೇವಾವಧಿಯಲ್ಲಿ ನಾನು ಕಾಣಲಿಲ್ಲ. ಹೆಣಿಗೆ ಕಲಿಸಿದವಳಾಗಿ ನಾನು ಬಲ್ಲೆ: ಆ ಮೇಜಿನ ಮೇಲಿನ ಯಾವ ಉಡುಪೂ ಒಂದೇ ಓಟದಲ್ಲಿ ಸಿದ್ಧವಾದುದಲ್ಲ. ಕೆಲವು ಮೂರು ಸಲ, ಕೆಲವು ಐದು ಸಲ ಬಿಚ್ಚಿ ಉಂಡೆಯಾಗಿ ಮತ್ತೆ ಕಡ್ಡಿಗೆ ಏರಿದವು.

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ಯಾರೂ ಕೇಳದ ಆ ಪ್ರಶ್ನೆಗೇ ಉತ್ತರ ಬರೆಯುವುದು ಲೇಸೆಂದು ನನಗೆ ತೋರಿತು. ಹೆಣೆಯುವುದನ್ನು ಕಲಿಸಿ ಬಿಚ್ಚುವುದನ್ನು ಕಲಿಸದ ಶಾಲೆ ಅರ್ಧ ವಿದ್ಯೆಯನ್ನಷ್ಟೇ ಕೊಡುತ್ತದೆ; ಮಗುವಿನ ತಪ್ಪನ್ನು ಮಗುವಿನ ಕೈಯಿಂದಲೇ ಬಿಚ್ಚಿಸಬೇಕಲ್ಲದೆ ನಾವು ಮರೆಯಲ್ಲಿ ತಿದ್ದಿ ಕೊಡಬಾರದು. ಇದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಗ್ರಂಥಗಳನ್ನು ಓದಿ ಅಲ್ಲ, ನನ್ನದೇ ಒಂದು ತಪ್ಪಿನಿಂದ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಹೆಣಿಗೆಯ ಸ್ವರೂಪವನ್ನು ಅರಿಯದವರಿಗಾಗಿ ನಾಲ್ಕು ಮಾತು. ನಮ್ಮ ಸೀಮೆಯ ಕುರುಬರ ಕಂಬಳಿ ನೇಯ್ಗೆಯದು. ಅಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು, ಹೀಗೆ ಎರಡು ಬಗೆಯ ನೂಲು ಒಂದರೊಳಗೊಂದು ಹಾಯ್ದು ಬಟ್ಟೆಯಾಗುತ್ತದೆ. ಸ್ವೆಟರಿನ ಹೆಣಿಗೆ ಹಾಗಲ್ಲ. ಅಲ್ಲಿ ಇರುವುದು ಒಂದೇ ನೂಲು. ಆ ನೂಲಿನ ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆದುಕೊಳ್ಳುತ್ತ ಹೋದರೆ ಸಾಲು. ಸಾಲಿನ ಮೇಲೆ ಸಾಲು ಏರಿದರೆ ಉಡುಪು. ಮೇಲಿನ ಕುಣಿಕೆ ಕೆಳಗಿನದನ್ನು ಹಿಡಿದಿರುತ್ತದೆ. ತಾನು ತನ್ನ ಮೇಲಿನದರಿಂದ ಹಿಡಿಯಲ್ಪಟ್ಟಿರುತ್ತದೆ. ಎಲ್ಲಕ್ಕೂ ಮೇಲಿನ ಸಾಲಿನ ಕುಣಿಕೆಗಳನ್ನು ಹಿಡಿದಿರುವುದು ಕೈಯಲ್ಲಿರುವ ಕಡ್ಡಿ. ಕಡ್ಡಿಯನ್ನು ಕಳಚಿ ನೂಲಿನ ತುದಿಯನ್ನು ಹಿಡಿದೆಳೆದರೆ ಒಂದು ತಿಂಗಳ ಕೆಲಸ ಹತ್ತು ನಿಮಿಷದಲ್ಲಿ ಮರಳಿ ನೂಲಾಗುತ್ತದೆ.

ಇದು ಹೆಣಿಗೆಯ ದೌರ್ಬಲ್ಯವೆಂದು ಹಲವರು ತಿಳಿಯುತ್ತಾರೆ. ಒಂದು ಕುಣಿಕೆ ಜಾರಿದರೆ ಅದರ ಕೆಳಗಿನದೂ, ಅದರ ಕೆಳಗಿನದೂ ಜಾರುತ್ತ ಏಣಿಯ ಮೆಟ್ಟಿಲಿನಂತೆ ಸಂದು ಬೀಳುವುದು ನಿಜ. ಆದರೆ ಯಾವ ಗುಣದಿಂದ ಅದು ಜಾರುತ್ತದೆಯೋ ಅದೇ ಗುಣದಿಂದ ಅದನ್ನು ಸರಿಪಡಿಸಲೂ ಬರುತ್ತದೆ. ಕತ್ತರಿಸಿದ ಬಟ್ಟೆ ಮತ್ತೆ ಕೂಡದು. ಕೆತ್ತಿದ ಕಲ್ಲು ಮರಳಿ ಬೆಳೆಯದು. ಹೆಣಿಗೆಯಲ್ಲಿ ಮಾತ್ರ ತಪ್ಪು ಮಾಡಿದವನಿಗೆ ತಾನು ಬಳಸಿದ ನೂಲು ಮರಳಿ ಸಿಕ್ಕುತ್ತದೆ. ಮಕ್ಕಳ ಕೈಗೆ ಕೊಡಲು ಇದಕ್ಕಿಂತ ಕ್ಷಮಾಗುಣವುಳ್ಳ ಕೆಲಸ ಇನ್ನಾವುದಿದೆ?

ಬಿಚ್ಚುವುದು ಎಂದರೆ ಎಳೆದು ಹಾಕುವುದು ಎಂದಷ್ಟೇ ಅರ್ಥವಲ್ಲ. ಅದರಲ್ಲಿ ಮೂರು ಕ್ರಮಗಳಿವೆ. ತಪ್ಪು ಈಗಿನ ಸಾಲಿನಲ್ಲೇ ಇದ್ದರೆ ಎಡಗಡ್ಡಿಗೆ ಒಂದೊಂದೇ ಕುಣಿಕೆಯನ್ನು ಹಿಂದಕ್ಕೆ ದಾಟಿಸುತ್ತ, ಹೆಣೆದ ದಾರಿಯಲ್ಲೇ ಹಿಂದಿರುಗಬೇಕು. ತಪ್ಪು ಹತ್ತು ಸಾಲಿನ ಕೆಳಗಿದ್ದು ಒಂದೇ ಕುಣಿಕೆಗೆ ಸೇರಿದುದಾಗಿದ್ದರೆ, ಸೀದಾ ಬೀಳಬೇಕಾದುದು ಉಲ್ಟಾ ಬಿದ್ದಿದ್ದರೆ ಎಂದಿಟ್ಟುಕೊಳ್ಳಿ, ಆ ಕುಣಿಕೆಯ ನೇರಕ್ಕೆ ಮಾತ್ರ ತಪ್ಪಿನವರೆಗೆ ಇಳಿಸಿ, ಕ್ರೋಶಾದ ಕೊಕ್ಕೆಸೂಜಿಯಿಂದ ಒಂದೊಂದೇ ಮೆಟ್ಟಿಲು ಏರಿಸಿ ತರಬೇಕು. ಅಕ್ಕಪಕ್ಕದ ಕುಣಿಕೆಗಳಿಗೆ ಅದರ ಸುದ್ದಿಯೂ ತಿಳಿಯಬಾರದು. ತಪ್ಪು ಇಡೀ ಸಾಲಿನ ಎಣಿಕೆಯದಾಗಿದ್ದರೆ ಮಾತ್ರ ಕಡ್ಡಿ ಕಳಚಿ ಅಲ್ಲಿಯವರೆಗೆ ಪೂರ್ತಿ ಬಿಚ್ಚಬೇಕು.

ಯಾವ ತಪ್ಪಿಗೆ ಯಾವ ಕ್ರಮ ಎಂಬ ವಿವೇಚನೆಯೇ ಇಲ್ಲಿಯ ಪಾಠ. ಒಂದು ಕುಣಿಕೆಯ ತಪ್ಪಿಗೆ ಇಡೀ ಮೈಯನ್ನು ಬಿಚ್ಚುವುದು ಅವಿವೇಕ. ಎಣಿಕೆಯೇ ತಪ್ಪಿದಾಗ ಮೇಲೆ ಮೇಲೆ ತೇಪೆ ಹಾಕುವುದೂ ಅವಿವೇಕ. ಇದಲ್ಲದೆ, ಕಠಿಣವಾದ ವಿನ್ಯಾಸವನ್ನು ಆರಂಭಿಸುವ ಮೊದಲು, ಸರಿಯಾಗಿದೆಯೆಂದು ಖಾತ್ರಿಯಾದ ಸಾಲಿನ ಎಲ್ಲ ಕುಣಿಕೆಗಳೊಳಗಿಂದ ಬೇರೆ ಬಣ್ಣದ ಒಂದು ಎಳೆಯನ್ನು ಹಾಯಿಸಿಡುವ ಪದ್ಧತಿಯೂ ಉಂಟು. ಮುಂದೆ ತಪ್ಪಾಗಿ ಬಿಚ್ಚಬೇಕಾದರೆ ಬಿಚ್ಚಿಕೆ ಆ ಎಳೆಗೆ ಬಂದು ನಿಲ್ಲುತ್ತದೆ. ನಮ್ಮ ತರಗತಿಯಲ್ಲಿ ಇದನ್ನು ಕಾವಲುನೂಲು ಎನ್ನುತ್ತಿದ್ದೆವು. ಮುಂದೆ ತಪ್ಪಬಹುದೆಂದು ಮೊದಲೇ ಒಪ್ಪಿಕೊಂಡು ಹಾಕುವ ನೂಲು ಅದು. ಹಾಗೆ ಒಪ್ಪಿಕೊಂಡ ಹುಡುಗಿಯರು ಹೆಚ್ಚು ಧೈರ್ಯದಿಂದ ಹೆಣೆದದ್ದನ್ನು ನಾನು ಕಂಡಿದ್ದೇನೆ.

ಈಗ ನನ್ನ ತಪ್ಪಿನ ಮಾತು. ಬಹಳ ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ತಮ್ಮನಿಗಾಗಿ ತೋಳಿಲ್ಲದ ಸ್ವೆಟರೊಂದನ್ನು ಹೆಣೆಯುತ್ತಿದ್ದಳು. ಹಿಂದೂ ಮುಂದೂ ನಡುವೆ ಜಡೆಯ ವಿನ್ಯಾಸ. ಹಿಂಭಾಗ ಮುಗಿದು ಮುಂಭಾಗ ಕೊರಳಿನ ಹತ್ತಿರ ಬಂದಾಗ ಅವಳ ಕಣ್ಣಿಗೆ ತಪ್ಪು ಬಿತ್ತು. ಕೆಳಗೆ, ಎರಡನೆಯ ತಿರುವಿನಲ್ಲಿ, ಜಡೆಯ ಮುಂದೆ ಬರಬೇಕಾದ ಕಾಲು ಹಿಂದೆ ಹೋಗಿತ್ತು. ಪ್ರದರ್ಶನಕ್ಕೆ ಎರಡೇ ದಿನ ಉಳಿದಿತ್ತು. ಆ ವರ್ಷ ಉಣ್ಣೆಯನ್ನು ಕೊಡಿಸಿದ ದಾನಿಗಳೇ ಮುಖ್ಯ ಅತಿಥಿಗಳಾಗಿ ಬರುವವರಿದ್ದರು. ಹುಡುಗಿ ಅಳುಮೋರೆಯಿಂದ ನನ್ನ ಮುಂದೆ ನಿಂತಳು. ‘ಇಟ್ಟು ಹೋಗು, ನಾನು ನೋಡತೇನಿ’ ಎಂದೆ.

ಆ ಎರಡು ರಾತ್ರಿ ನಾನೇ ಕುಳಿತು ಕೆಳಗಿನ ಪಟ್ಟಿಯವರೆಗೆ ಬಿಚ್ಚಿ, ಮತ್ತೆ ಕೊರಳಿನವರೆಗೆ ಹೆಣೆದೆ. ಪ್ರದರ್ಶನದಲ್ಲಿ ಸ್ವೆಟರನ್ನು ಮಡಚಿ, ಮುಂಭಾಗ ಮೇಲೆ ಬರುವಂತೆ ಇಟ್ಟೆವು. ಬಹುಮಾನ ಅದಕ್ಕೇ ಬಂತು. ಹುಡುಗಿ ವೇದಿಕೆ ಹತ್ತಿ ಬಹುಮಾನ ತೆಗೆದುಕೊಂಡಳು, ಚಪ್ಪಾಳೆಯಾಯಿತು, ನನಗೂ ಹೆಮ್ಮೆಯೆನಿಸಿತು.

ಒಂದು ವಾರದ ಮೇಲೆ ಅವಳು ಸ್ವೆಟರನ್ನು ಚೀಲದಲ್ಲಿಟ್ಟುಕೊಂಡು ಬಂದಳು. ‘ಅಕ್ಕೋರ, ಹಿಂದಿಂದಕ್ಕೂ ಮುಂದಿಂದಕ್ಕೂ ತಾಳಿ ಆಗವಲ್ತ್ರಿ. ನನ್ನ ಎಣಿಕಿ ಎಲ್ಲೋ ತಪ್ಪೇತಿ. ಮೂರು ಸಲ ಎಣಿಸೇನಿ, ಸಿಗವಲ್ತು’ ಎಂದಳು. ನಾನು ಎರಡು ಭಾಗಗಳನ್ನೂ ಮೇಜಿನ ಮೇಲೆ ಹಾಸಿ ನೋಡಿದೆ. ಕೆಳಗಿನ ಪಟ್ಟಿ ಸರಿಯಾಗಿ ಕೂಡುತ್ತಿತ್ತು. ಅದರ ಮೇಲೆ ಮುಂಭಾಗ ಹಿಂಭಾಗಕ್ಕಿಂತ ಎರಡು ಅಂಗುಲಕ್ಕೂ ಹೆಚ್ಚು ಅಗಲವಾಗಿತ್ತು. ಎರಡರಲ್ಲೂ ಕುಣಿಕೆಗಳು 72. ಎಣಿಕೆಯಲ್ಲಿ ಯಾವ ತಪ್ಪೂ ಇರಲಿಲ್ಲ.

ತಪ್ಪಿದ್ದದ್ದು ಕೈಯಲ್ಲಿ. ಬರವಣಿಗೆ ಒಬ್ಬೊಬ್ಬರದು ಒಂದೊಂದು ಬಗೆಯಾಗಿರುವಂತೆ ಹೆಣಿಗೆಯ ಬಿಗಿಯೂ ಒಬ್ಬೊಬ್ಬರದು ಬೇರೆ. ಅದೇ ಉಣ್ಣೆ, ಅದೇ ಕಡ್ಡಿ. ಆದರೂ ಆ ಹುಡುಗಿಯ ಕೈಯಲ್ಲಿ ಅಂಗುಲಕ್ಕೆ ಆರು ಕುಣಿಕೆ ಬೀಳುತ್ತಿದ್ದವು, ನನ್ನ ಸಡಿಲಗೈಯಲ್ಲಿ ಐದೇ. 72 ಕುಣಿಕೆಗಳು ಅವಳ ಕೈಯಲ್ಲಿ 12 ಅಂಗುಲ; ನನ್ನ ಕೈಯಲ್ಲಿ 14 ಅಂಗುಲಕ್ಕೂ ಮಿಕ್ಕಿ. ಇಷ್ಟು ಸರಳವಾದ ಸಂಗತಿಯನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದು ಕಲಿಸಿದವಳು ನಾನೇ. ಆ ಎರಡು ರಾತ್ರಿ ಅದು ನನ್ನ ನೆನಪಿಗೆ ಬರಲಿಲ್ಲ. ನನ್ನ ಕಣ್ಣೆಲ್ಲ ಪ್ರದರ್ಶನದ ಮೇಜಿನ ಮೇಲೆಯೇ ಇತ್ತು.

ನಡೆದುದನ್ನು ಅವಳಿಗೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಅವಳು ಕೇಳಿದ ಮೊದಲ ಮಾತು ಇದು: ‘ಹಂಗಾರ ನನ್ನ ಎಣಿಕಿ ಸರಿ ಇತ್ತೇನ್ರಿ?’

ಆ ಪ್ರಶ್ನೆಯನ್ನು ನಾನು ಇಂದಿಗೂ ಮರೆತಿಲ್ಲ. ಅವಳ ಒಂದು ತಪ್ಪನ್ನು ಮರೆಮಾಡಲು ಹೋಗಿ, ಅವಳು ಸರಿಯಾಗಿ ಮಾಡಿದ್ದರ ಮೇಲೆಯೇ ಅವಳಿಗೆ ನಂಬಿಕೆ ಹೋಗುವಂತೆ ಮಾಡಿದ್ದೆ. ಒಂದು ವಾರ ಆ ಮಗು ಇಲ್ಲದ ತಪ್ಪನ್ನು ಹುಡುಕುತ್ತ, ಸರಿಯಿದ್ದ ಎಣಿಕೆಯನ್ನು ಮತ್ತೆ ಮತ್ತೆ ಎಣಿಸಿತ್ತು. ಗುರುವಾದವರು ವಿದ್ಯಾರ್ಥಿಗೆ ಮಾಡಬಹುದಾದ ಅನ್ಯಾಯಗಳಲ್ಲಿ ಇದು ಸಣ್ಣದೆಂದು ನಾನು ತಿಳಿಯಲಾರೆ. ಅವಳೇ ನೂಲಿನ ತುದಿಯನ್ನು ಹುಡುಕಿ ಕೈಗೆ ತೆಗೆದುಕೊಂಡು, ‘ಬಿಚ್ಚೂಣ್ರಿ’ ಎಂದಳು. ಅವಳು ಬಿಚ್ಚಿದಳು, ನಾನು ಉಂಡೆ ಸುತ್ತಿದೆ. ಸ್ವೆಟರು ಆ ಚಳಿಗಾಲಕ್ಕೆ ಆಗಲಿಲ್ಲ; ಮುಂದಿನ ಚಳಿಗಾಲದಲ್ಲಿ ತಮ್ಮ ಅದನ್ನು ತೊಟ್ಟು ಬಂದು ತೋರಿಸಿ ಹೋದ. ಬಹುಮಾನದ ವಿಷಯವನ್ನು ಮಾತ್ರ ನಾವಿಬ್ಬರೂ ಎತ್ತಲಿಲ್ಲ. ಅದು ಸಲ್ಲಬೇಕಾದುದು ಅವಳಿಗಲ್ಲವೆಂದು ಎದ್ದು ನಿಂತು ಹೇಳುವ ಧೈರ್ಯ ನನಗೆ ಅಂದು ಇರಲಿಲ್ಲ. ಇಂದು ಹೇಳುತ್ತಿದ್ದೇನೆ.

ಇದನ್ನು ಓದುವ ಅಧ್ಯಾಪಕ ಮಿತ್ರರು, ‘ಇದು ಹೆಣಿಗೆಯ ತರಗತಿಯ ಸಂಗತಿ, ನಮಗೇನು?’ ಎಂದು ಕೇಳಬಾರದೆಂದು ವಿನಂತಿ. ಗಣಿತದ ಪಟ್ಟಿಯಲ್ಲಿ ಕೊನೆಯ ಉತ್ತರ ತಪ್ಪಿದಾಗ ನಾವು ಕೆಂಪು ಶಾಯಿಯಿಂದ ಗೀಟು ಎಳೆದು ಸರಿಯುತ್ತರವನ್ನು ಪಕ್ಕದಲ್ಲಿ ಬರೆಯುತ್ತೇವೆ. ವಿದ್ಯಾರ್ಥಿ ಅದನ್ನು ನಕಲು ಮಾಡಿಕೊಂಡು ಮುಂದಿನ ಲೆಕ್ಕಕ್ಕೆ ಹೋಗುತ್ತಾನೆ. ತಪ್ಪು ಯಾವ ಸಾಲಿನಲ್ಲಿ ಆಯಿತೆಂದು ಅವನು ಹುಡುಕಲಿಲ್ಲ, ಅಲ್ಲಿಗೆ ಹಿಂದಿರುಗಲಿಲ್ಲ, ಅಲ್ಲಿಂದ ಮತ್ತೆ ಕಟ್ಟಲಿಲ್ಲ. ನಾವು ತಿದ್ದಿದ್ದು ಪಟ್ಟಿಯನ್ನು, ಹುಡುಗನನ್ನಲ್ಲ. ಪ್ರಬಂಧಸ್ಪರ್ಧೆಗೆ ತಾವೇ ಬರೆದುಕೊಡುವ ಅಧ್ಯಾಪಕರೂ, ವಿಜ್ಞಾನ ಪ್ರದರ್ಶನಕ್ಕೆ ಮಾದರಿಯನ್ನು ಅಂಗಡಿಯಿಂದ ಮಾಡಿಸಿ ತರುವ ಪಾಲಕರೂ ನಾನು ಆ ಎರಡು ರಾತ್ರಿ ಮಾಡಿದ್ದನ್ನೇ ಮಾಡುತ್ತಿದ್ದಾರೆ. ಅಳತೆ ತಾಳೆಯಾಗದ ದಿನ ಇಂದಲ್ಲ ನಾಳೆ ಬಂದೇ ಬರುತ್ತದೆ. ಆಗ ಮಗು ತನ್ನ ಮೇಲೆಯೇ ಸಂಶಯಪಡುತ್ತದೆ.

ಬಿಚ್ಚುವುದಕ್ಕೂ ಮಿತಿಯುಂಟೆಂಬುದನ್ನು ಒಪ್ಪುತ್ತೇನೆ. ಮತ್ತೆ ಮತ್ತೆ ಬಿಚ್ಚಿದ ಉಣ್ಣೆ ಸವೆದು ನವಿರೇಳುತ್ತದೆ. ಹಾಗೆಯೇ ಪ್ರತಿಯೊಂದು ಸಣ್ಣ ಊನಕ್ಕೂ ಬಿಚ್ಚಿಸುವ ಅಧ್ಯಾಪಕಿ ಮಕ್ಕಳ ಉತ್ಸಾಹವನ್ನು ಸವೆಸುತ್ತಾಳೆ. ಉಟ್ಟವರಿಗೆ ತೊಡಕಾಗದ, ಮುಂದಿನ ಸಾಲನ್ನು ಕೆಡಿಸದ ತಪ್ಪನ್ನು ಹಾಗೆಯೇ ಬಿಡಬಹುದು. ಆದರೆ ಬಿಡುವ ನಿರ್ಣಯವನ್ನು ತಪ್ಪನ್ನು ಕಂಡು, ಅಳೆದು, ಹೆಣೆದವಳೇ ಕೈಗೊಳ್ಳಬೇಕು. ಕಾಣದೆ ಬಿಡುವುದು ಬೇರೆ, ಕಂಡು ಬಿಡುವುದು ಬೇರೆ. ಮತ್ತು ಬಿಚ್ಚಿಸುವುದು ಎಂದೂ ದಂಡನೆಯಾಗಬಾರದು. ತರಗತಿಯ ಎದುರಿಗೆ ಮಗುವಿನ ಕೈಯಿಂದ ಕಡ್ಡಿ ಕಸಿದು ಸರ್ರನೆ ಎಳೆದುಹಾಕುವವರು ಕಲಿಸುವುದು ಹೆಣಿಗೆಯನ್ನಲ್ಲ, ಹೆದರಿಕೆಯನ್ನು.

ಬಿಚ್ಚಿದ ನೂಲನ್ನು ಕೂಡಲೆ ಹೆಣೆಯಲೂ ಬಾರದು. ಬಹುಕಾಲ ಕುಣಿಕೆಯಾಗಿದ್ದ ಉಣ್ಣೆ ಬಿಚ್ಚಿದ ಮೇಲೂ ಆ ಸುಕ್ಕನ್ನು ಉಳಿಸಿಕೊಂಡಿರುತ್ತದೆ. ಅದನ್ನು ಲಡಿಯಾಗಿ ಸುತ್ತಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಯಿಸಿ, ನೆರಳಿನಲ್ಲಿ ತೂಗುಹಾಕಿ ಒಣಗಿಸಿದರೆ ಸುಕ್ಕು ಇಳಿದು ನೂಲು ನೆಟ್ಟಗಾಗುತ್ತದೆ. ಸುಕ್ಕು ಇರುವಾಗಲೇ ಹೆಣೆದರೆ ಅಳತೆ ಮೋಸಮಾಡುತ್ತದೆ. ತಪ್ಪೊಪ್ಪಿಕೊಂಡ ಮಗುವಿಗೂ ಇಷ್ಟು ಸಮಯ ಬೇಕು. ನಮ್ಮ ತಾಯಂದಿರಿಗೆ ಈ ಕ್ರಮ ಚೆನ್ನಾಗಿ ತಿಳಿದಿತ್ತು. ಹಿರಿಯ ಮಗನಿಗೆ ಗಿಡ್ಡಾದ ಸ್ವೆಟರನ್ನು ಬಿಚ್ಚಿ, ತೊಳೆದು, ಇನ್ನೊಂದು ಬಣ್ಣದ ಉಣ್ಣೆ ಕೂಡಿಸಿ ಕಿರಿಯವರಿಗೆ ಹೆಣೆಯುವುದು ಎಷ್ಟೋ ಮನೆಗಳ ರೂಢಿಯಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿಯೂ ಬಟ್ಟೆಬರೆಗೆ 1941ರ ಜೂನ್ ತಿಂಗಳಿನಿಂದ 1949ರವರೆಗೆ ಪಡಿತರವಿದ್ದಾಗ ಮನೆಮನೆಯಲ್ಲಿ ಹಳೆಯ ಉಣ್ಣೆಯ ಉಡುಪುಗಳನ್ನು ಬಿಚ್ಚಿ ಹೊಸದಾಗಿ ಹೆಣೆಯುತ್ತಿದ್ದರು. ಬಡತನವೂ ಬರಗಾಲವೂ ಕಲಿಸಿದ ಈ ವಿದ್ಯೆಯನ್ನು ಅನುಕೂಲದ ಕಾಲ ಮರೆಸುತ್ತಿದೆ.

ಈ ಮಾತಿಗೆ ಬರುವ ಆಕ್ಷೇಪಗಳು ನನಗೆ ತಿಳಿಯದವಲ್ಲ. ಹೆಣಿಗೆ ನಮ್ಮದಲ್ಲ, ಪರದೇಶದ್ದು ಎನ್ನುವವರಿದ್ದಾರೆ. ಕಡ್ಡಿಯ ಹೆಣಿಗೆ ನಮ್ಮ ನಾಡಿಗೆ ಹೊರಗಿನಿಂದ ಬಂದುದು ನಿಜ. ಹಿಮಾಲಯದ ಲಾಹೌಲ್ ಕಣಿವೆಗೆ 19ನೆಯ ಶತಮಾನದಲ್ಲಿ ಮೊರೇವಿಯನ್ ಮಿಶನರಿಗಳು ಅದನ್ನು ಒಯ್ದರು. ಇಂದು ಅಲ್ಲಿಯ ಹೆಂಗಸರ ಬಣ್ಣಬಣ್ಣದ ಕಾಲುಚೀಲಗಳೇ ಆ ಕಣಿವೆಯ ಗುರುತಾಗಿವೆ. ಕಲಿತ ಕೈಯದೇ ವಿದ್ಯೆ. ಇರಲಿ, ನಮ್ಮದೇ ಆದ ಧಾರವಾಡ ಸೀಮೆಯ ಕಸೂತಿಯನ್ನು ನೋಡೋಣ. ಅಲ್ಲಿಯೂ ಇದೇ ನಿಯಮ. ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಗವಂತಿ, ಮುರಗಿ ಹೊಲಿಗೆಗಳಲ್ಲಿ ಸೂಜಿ ಹೋಗುವಾಗ ಬಿಟ್ಟ ತೆರಪನ್ನು ಬರುವಾಗ ತುಂಬುತ್ತದೆ. ಹೋಗುವಾಗ ಒಂದು ಎಳೆ ತಪ್ಪಿ ಎಣಿಸಿದ್ದರೆ ಅದು ಗೊತ್ತಾಗುವುದು ಬರುವ ದಾರಿಯಲ್ಲಿ. ಗಂಟು ಹಾಕುವಂತಿಲ್ಲ, ಹಿಂಬದಿಯಲ್ಲಿ ಮುಚ್ಚುವಂತೆಯೂ ಇಲ್ಲ. ಎರಡು ಬದಿಯೂ ಒಂದೇ ಸಮ ಕಾಣಬೇಕು. ತಪ್ಪಿದ ಎಳೆಯವರೆಗೆ ಬಿಚ್ಚಿಯೇ ಬರಬೇಕು. ನಮ್ಮ ಅಜ್ಜಿಯರು ಯಾವ ಶಾಲೆಗೂ ಹೋಗದೆ ಕಲಿತಿದ್ದ ಪ್ರಾಮಾಣಿಕತೆ ಅದು.

ಇನ್ನೊಂದು ಆಕ್ಷೇಪ, ಇದಕ್ಕೆಲ್ಲ ಸಮಯವೆಲ್ಲಿ ಎಂಬುದು. ಇದು ಬಲವಾದ ಆಕ್ಷೇಪ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮೂಲ ಶಿಕ್ಷಣದ ವಿಚಾರವನ್ನು ದೇಶದ ಮುಂದಿಟ್ಟಾಗ ಕೈಕೆಲಸವೇ ಶಿಕ್ಷಣದ ನಡುಗಂಬವಾಗಿತ್ತು. 1964–66ರ ಕೊಠಾರಿ ಆಯೋಗ ಅದನ್ನು ಕಾರ್ಯಾನುಭವವೆಂದು ಕರೆಯಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದು ಹೆಸರಿಟ್ಟಿತು. ಹೆಸರು ಉದ್ದವಾದಂತೆ ವೇಳಾಪಟ್ಟಿಯಲ್ಲಿ ಅದರ ಅವಧಿ ಗಿಡ್ಡವಾಗುತ್ತ ಬಂದುದನ್ನು ನಾನೇ ನೋಡಿದ್ದೇನೆ. ಪರೀಕ್ಷೆ ಸಮೀಪಿಸಿದೊಡನೆ ಹೆಣಿಗೆಯ ಅವಧಿಯನ್ನು ಗಣಿತಕ್ಕೋ ಇಂಗ್ಲಿಷಿಗೋ ಬಿಟ್ಟುಕೊಟ್ಟ ದಿನಗಳಿಗೆ ಲೆಕ್ಕವಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಕಸುಬುದಾರರ ಬಳಿ ಕಲಿಯಬೇಕೆಂದು ಹೇಳಿರುವುದು ಸ್ವಾಗತಾರ್ಹ. ಆದರೆ ಹತ್ತು ದಿನಗಳಲ್ಲಿ ಒಂದು ಕಸುಬನ್ನು ನೋಡಬಹುದು, ಕಡ್ಡಿ ಹಿಡಿಯಬಹುದು, ನಾಲ್ಕು ಸಾಲು ಹೆಣೆಯಬಹುದು. ತಪ್ಪಿ, ಬಿಚ್ಚಿ, ಮತ್ತೆ ಹೆಣೆಯಲು ಆಗದು. ಬಿಚ್ಚಲು ವರ್ಷವಿಡೀ ವಾರಕ್ಕೆ ಎರಡು ಅವಧಿಯಾದರೂ ಬೇಕು. ಅಂಗಡಿಯಲ್ಲಿ ಸ್ವೆಟರು ಅಗ್ಗವಾಗಿ ಸಿಕ್ಕುವಾಗ ಈ ಶ್ರಮವೇಕೆ ಎನ್ನುವವರಿಗೆ ನನ್ನ ಉತ್ತರವಿಷ್ಟೆ: ಸ್ವೆಟರು ಅಂಗಡಿಯಲ್ಲಿ ಸಿಕ್ಕುತ್ತದೆ, ತನ್ನ ತಪ್ಪನ್ನು ತಾನೇ ಹುಡುಕಿ ಸರಿಪಡಿಸಿಕೊಳ್ಳುವ ಬುದ್ಧಿ ಅಲ್ಲಿ ಸಿಕ್ಕುವುದಿಲ್ಲ.

ಕೊನೆಯದಾಗಿ ಮೂರು ವಿನಂತಿಗಳು. ಅಧ್ಯಾಪಕರಲ್ಲಿ: ಬರುವ ವರ್ಷದಿಂದ ಪ್ರದರ್ಶನದಲ್ಲಿ ಒಂದು ಮೇಜನ್ನು ಮುಗಿಯದ ಕೆಲಸಕ್ಕಾಗಿ ಮೀಸಲಿಡಿ. ಕಡ್ಡಿ ಚುಚ್ಚಿದ್ದಂತೆಯೇ, ಕಾವಲುನೂಲು ಕಾಣುವಂತೆಯೇ, ಎಷ್ಟು ಸಲ ಬಿಚ್ಚಲಾಯಿತೆಂಬುದನ್ನು ಮಕ್ಕಳೇ ಒಂದು ಚೀಟಿಯಲ್ಲಿ ಬರೆದು ಇಡಲಿ. ಗಂಡುಮಕ್ಕಳನ್ನೂ ಈ ತರಗತಿಗೆ ಸೇರಿಸಿಕೊಳ್ಳಿ; ತಪ್ಪು ಮಾಡುವುದರಲ್ಲಿ ಅವರೇನೂ ಹಿಂದಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ: ಊರಿಗೆ ಬಂದಾಗ ಒಂದು ಮಧ್ಯಾಹ್ನ ಮಕ್ಕಳೊಡನೆ ಕುಳಿತುಕೊಳ್ಳಿ. ನಿಮ್ಮ ಯಶಸ್ಸಿನ ಕಥೆಗಳನ್ನು ಅವರು ಬೇಕಷ್ಟು ಕೇಳಿದ್ದಾರೆ. ನೀವು ಯಾವುದನ್ನು ಬಿಚ್ಚಿ ಮತ್ತೆ ಕಟ್ಟಿದಿರಿ ಎಂಬುದನ್ನು ಹೇಳಿ. ದಾನಿಗಳಲ್ಲಿ: ಉಣ್ಣೆ ಕೊಡಿಸುವಾಗ ತಿಳಿಬಣ್ಣದ, ನುಣುಪಾದ ಉಣ್ಣೆಯನ್ನು ಕೊಡಿಸಿ, ಕಪ್ಪು ಉಣ್ಣೆಯಲ್ಲಿ ಕಲಿಯುವವರಿಗೆ ಕುಣಿಕೆ ಕಾಣದು, ನವಿರು ಹೆಚ್ಚಿದ ಉಣ್ಣೆ ಬಿಚ್ಚುವಾಗ ಗೋಜಲಾಗುತ್ತದೆ. ಬೇಕಾದುದಕ್ಕಿಂತ ನಾಲ್ಕು ಉಂಡೆ ಹೆಚ್ಚಾಗಿಯೇ ಇರಲಿ. ಮತ್ತು ಪ್ರದರ್ಶನಕ್ಕೆ ಬಂದಾಗ ನೀವು ಕೊಟ್ಟ ಉಣ್ಣೆ ಇನ್ನೂ ಉಂಡೆಯಾಗಿಯೇ ಕಂಡರೆ ಬೇಸರಪಡಬೇಡಿ. ಯಾವುದೋ ಮಗು ಅದನ್ನು ಹೆಣೆದು, ತಪ್ಪನ್ನು ಕಂಡು, ತನ್ನ ಕೈಯಾರೆ ಬಿಚ್ಚಿ ಇಟ್ಟಿರಬಹುದು. ಆ ಮೇಜಿನ ಬಳಿ ನಿಂತು, ‘ಎಷ್ಟು ಸಲ ಬಿಚ್ಚಿದಿ, ತಂಗಿ?’ ಎಂದು ಕೇಳುವ ಮೊದಲಿಗರು ನೀವಾಗಬೇಕೆಂದು ನನ್ನ ಹಂಬಲ.